ಹಿಲ್ಟ್ರುಡ್ ಓಮಾ ಮತ್ತು ಎಪ್ಪತ್ತಮೂರು ತಿರುವುಗಳು

ಬೇಕರಿಯ ಸಾಲಿನಲ್ಲಿ ನನ್ನ ಹಿಂದೆ ಬಂದು ನಿಂತ ನನ್ನ ಅತ್ತೆ, "ಏನು ಲಾಯೆಂಡೆಕರ್ ಅವರೇ, ಮೊಣಕಾಲು ನೋವು ಹೇಗಿದೆ?" ಎಂದು ನನ್ನನ್ನೇ ಕೇಳಿದರು. ಲಾಯೆಂಡೆಕರ್ ನಮ್ಮ ಬೀದಿಯ ಕೊನೆಯ ಮನೆಯ ಮುದುಕಿ, ಎಂಬತ್ತೆರಡು ವಯಸ್ಸು. ನನಗೆ ಮೂವತ್ತೊಂದು. ನಾನು ತಿರುಗಿ ಎದುರೆದುರು ನಿಂತೆ. ಎರಡಡಿ ದೂರ. ಆಗಲೂ ಅವರು ಮುದುಕಿಯನ್ನು ನೋಡುವ ಹಾಗೇ ನಗುತ್ತಿದ್ದರು. "ಓಮಾ, ನಾನು" ಅಂದಮೇಲಷ್ಟೇ ಮುಖ ಬದಲಾಯಿತು. ನಿನ್ನ ಹೊಸ ಕೋಟು ಮುದುಕಿಯರ ಕೋಟಿನ ಥರ ಇದೆ ಕಣೆ, ಅದಕ್ಕೇ, ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಬೇಕರಿಯವಳನ್ನೂ ನಗಿಸಿದರು.

ನಾನೂ ನಕ್ಕೆ. ಆದರೆ ಆ ಎರಡಡಿ ನನ್ನ ತಲೆಯಿಂದ ಇಳಿಯಲಿಲ್ಲ. ಪಾತ್ರೆ ತೊಳೆಯುವಾಗ ಅದೇ, ಮಗಳ ಜಡೆ ಹೆಣೆಯುವಾಗ ಅದೇ. ಯಾಕೆಂದರೆ ಇನ್ನು ಹದಿನೇಳು ದಿನಕ್ಕೆ ನನ್ನ ಆರು ವರ್ಷದ ಇಡಾ ಇದೇ ಅಜ್ಜಿಯ ಪಕ್ಕ ಕಾರಿನಲ್ಲಿ ಕೂತು ರಿಂಗ್ ಸುತ್ತಬೇಕಿತ್ತು.

ಅದು ಈ ಮನೆಯ ಪದ್ಧತಿ. ಮಗು ಶಾಲೆಗೆ ಸೇರುವ ಮೊದಲಿನ ಶನಿವಾರ ಮನೆಯ ಹಿರಿಯರು ಅದನ್ನು ಕಾರಿನಲ್ಲಿ ಕೂರಿಸಿಕೊಂಡು ನ್ಯೂರ್ಬುರ್ಗ್‌ರಿಂಗ್‌ನ ಎಪ್ಪತ್ತಮೂರು ತಿರುವುಗಳ ಹಳೆಯ ರೇಸ್ ಟ್ರ್ಯಾಕಿನಲ್ಲಿ ಒಂದು ಸುತ್ತು ಬರಬೇಕು. ಆಮೇಲೆ ಮಗುವಿನಷ್ಟೇ ಎತ್ತರದ ಬಣ್ಣದ ಕಾಗದದ ಕೊಂಬಿನ ತುಂಬ ಮಿಠಾಯಿ ಕೊಟ್ಟು ಶಾಲೆಗೆ ಕಳಿಸಬೇಕು. ನನ್ನ ಗಂಡ ಸ್ವೆನ್ ಆರು ವರ್ಷದವನಿದ್ದಾಗ ಸುತ್ತಿಸಿದ್ದೂ ಅವನಮ್ಮನೇ. ಮೂರನೇ ತಿರುವಿನಲ್ಲಿ ವಾಂತಿ ಮಾಡಿಕೊಂಡಿದ್ದನಂತೆ. ಅದನ್ನು ಅವನು ಪದಕ ಗೆದ್ದವನ ಹಾಗೆ ಹೇಳಿಕೊಳ್ಳುತ್ತಾನೆ.

ನಾನು ಕೊಲೋನ್‌ನಲ್ಲಿ ಟ್ರಾಮಿನಲ್ಲಿ ಓಡಾಡಿ ಬೆಳೆದವಳು, ಪುಕ್ಕಲು ಹೆಂಗಸು. ಮಗುವಿನ ಹಾಲಿನ ಬಾಟಲಿಯನ್ನು ಮೂರು ಸಲ ಕುದಿಸುತ್ತಿದ್ದವಳು. ಮದುವೆಯಾಗಿ ಈ ಬ್ರೈಡ್‌ಷೈಡ್‌ಗೆ ಬಂದಾಗ ಟ್ರ್ಯಾಕು ನಮ್ಮ ಊರಿನ ನೆತ್ತಿಯ ಮೇಲೇ ಸೇತುವೆಯಾಗಿ ಹಾದುಹೋಗುವುದು ಕಂಡು ಎದೆ ಝಲ್ಲೆಂದಿತ್ತು. ಇಲ್ಲಿನವರು ಸದ್ದಿಗೆ ಹೆದರುವುದಿಲ್ಲ, ಸದ್ದು ನಿಂತರೆ ಹೆದರುತ್ತಾರೆ. ಕಾಡಿನೊಳಗಿನ ಕಾರುಗಳ ಗುಂಯ್‌ಗುಡುವಿಕೆ ಥಟ್ಟನೆ ನಿಂತಿತೆಂದರೆ ಒಣಗಲು ಬಟ್ಟೆ ಹಾಕುತ್ತಿದ್ದವಳು ಕೈ ಹಾಗೇ ಎತ್ತಿ ನಿಲ್ಲುತ್ತಾಳೆ. ಆಮೇಲೆ ಆಂಬ್ಯುಲೆನ್ಸ್ ಕೂಗುತ್ತದೆ. ಇಲ್ಲಾ ಕೂಗುವುದಿಲ್ಲ. ಎಂಟು ವರ್ಷದಲ್ಲಿ ನಾನೂ ಹಾಗೆ ನಿಲ್ಲುವುದನ್ನು ಕಲಿತಿದ್ದೆ.

ಓಮಾ ಅಂದರೆ ಅಜ್ಜಿ. ಇಡಾ ಹುಟ್ಟಿದ ಮೇಲೆ ನಾವೆಲ್ಲ ಹಾಗೇ ಕರೆಯುತ್ತೇವೆ. ಹೆಸರು ಹಿಲ್ಟ್ರುಡ್ ಕ್ಲಾಸ್ಮನ್. ಮೂವತ್ತೊಂದು ವರ್ಷ ಈ ಬೆಟ್ಟದ ಹಳ್ಳಿಗಳಿಗೆ ಅಂಚೆ ಹಂಚಿದವರು. ಹುಡುಗಿಯಾಗಿದ್ದಾಗ ಟ್ರ್ಯಾಕಿನ ಬೇಲಿಯ ಸಂದಿಯಿಂದ ನೋಡುಗರಿಗೆ ಪ್ಲಮ್ ಕೇಕಿನ ತುಂಡು ಮಾರುತ್ತಿದ್ದರು. ಹತ್ತೊಂಬತ್ತಕ್ಕೆ ಅಣ್ಣನ ಕಾರನ್ನು ಕೇಳದೇ ತೆಗೆದುಕೊಂಡು ಹೋಗಿ ಮೊದಲ ಸುತ್ತು ಹೊಡೆದರು. ಅಣ್ಣ ಎರಡು ತಿಂಗಳು ಮಾತು ಬಿಟ್ಟ. ಗಂಡ ಮನೆಗಳ ಚಾವಣಿಗೆ ಕಲ್ಲು ಹೊದಿಸುವವರು, ದಿನವೆಲ್ಲ ಮೂರಂತಸ್ತಿನ ಮೇಲೆ ನಡೆದಾಡುವ ಆಳು, ಆದರೆ ಸಾಯುವವರೆಗೂ ಒಂದು ದಿನವೂ ಹೆಂಡತಿಯ ಪಕ್ಕ ಆ ಟ್ರ್ಯಾಕಿನಲ್ಲಿ ಕೂರಲಿಲ್ಲ. ನಿವೃತ್ತಿಯಾದ ವಾರವೇ ಓಮಾ ಎರಡು ಸೀಟಿನ, ನೆಲಕ್ಕಂಟಿದಂಥ ಹಳೇ ಬಿಳಿ ಸ್ಪೋರ್ಟ್ಸ್ ಕಾರು ಕೊಂಡರು. ಬೆಲ್ಜಿಯಮ್‌ನ ಸ್ಪಾ ಟ್ರ್ಯಾಕಿನಲ್ಲಿ ನಾಲ್ಕೈದು ಸಲ ಓಡಿಸಿದ್ದಾರೆ. ಅರವತ್ತು ತುಂಬಿದಾಗ ಒಬ್ಬರೇ ಇಟಲಿಯ ಮೊಂಜಾಕ್ಕೂ ಹೋಗಿ ಬಂದರು. ಹೇಗಿತ್ತು ಅಂದರೆ, ಬರೀ ನೆಟ್ಟಗೆ ಕಣೆ, ಬೆಡ್‌ಶೀಟ್ ಇಸ್ತ್ರಿ ಮಾಡಿದ ಹಾಗೆ, ಅಂದಿದ್ದರು. ರೇಸು, ಬಹುಮಾನ ಯಾವುದರ ಹಂಗೂ ಅವರಿಗಿಲ್ಲ. ಬುಧವಾರ ಸಂಜೆ ಸಾರ್ವಜನಿಕರಿಗೆ ಟ್ರ್ಯಾಕಿನ ಗೇಟು ತೆರೆದರೆ ಎರಡು ಸುತ್ತು, ಆಮೇಲೆ ಮನೆಗೆ ಬಂದು ಆಲೂಗಡ್ಡೆ ಸಿಪ್ಪೆ ತೆಗೆಯುವುದು.

ಈಗ ಅವರಿಗೆ ಅರವತ್ತೊಂಬತ್ತು.

ಬೇಕರಿಯ ವಿಷಯವನ್ನು ಸ್ವೆನ್‌ಗೆ ಹೇಳಿದೆ. ಅವನು ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಅಮ್ಮನಿಗೆ ಕಣ್ಣು ಯಾಕೆ ಬೇಕು, ರಿಂಗ್‌ನಲ್ಲಿ ಅವಳು ಕಣ್ಣು ಮುಚ್ಚಿಕೊಂಡೂ ಓಡಿಸ್ತಾಳೆ, ಊರಿಗೆಲ್ಲ ಗೊತ್ತು, ಅಂದ. ಊರವರೂ ಅದನ್ನೇ ಹೇಳುತ್ತಾರೆ. ಪೆಟ್ರೋಲ್ ಬಂಕಿನವನು, ಚರ್ಚಿನ ಗಂಟೆ ಬಾರಿಸುವವನು, ಎಲ್ಲರೂ. ಹೊಗಳಿಕೆ ಅದು. ಎಂಟು ವರ್ಷದಿಂದ ನಾನೂ ತಲೆಯಾಡಿಸಿದ್ದೆ. ಅವತ್ತು ಮಾತ್ರ ತಲೆಯಾಡಿಸಲಿಲ್ಲ.

ಹಾಗಾಗಿ ಇಡಾಳ ಶನಿವಾರಕ್ಕೆ ಮೊದಲಿನ ಬುಧವಾರ ನಾನೇ ಹೋಗಿ, ಓಮಾ, ನನ್ನನ್ನು ಒಂದು ಸುತ್ತು ಕರೆದುಕೊಂಡು ಹೋಗಿ, ನನ್ನ ಹೆದರಿಕೆ ಹೋದರೆ ಮಗು ಹೋಗುವಾಗ ನಾನು ಅಳುವುದಿಲ್ಲ, ಅಂದೆ. ಅವರಿಗೆ ಆದ ಸಂತೋಷ ನೋಡಿ ನನಗೆ ನಾಚಿಕೆಯಾಯಿತು. ಎಂಟು ವರ್ಷ ಬೇಕಾಯ್ತು ನೋಡು ಸೊಸೆ ಬರೋಕೆ, ಎಂದು ತಮ್ಮ ಹಳೇ ಹೆಲ್ಮೆಟ್ಟನ್ನು ಒರೆಸಿ ಕೊಟ್ಟರು. ಅದು ಕಣ್ಣಿನವರೆಗೆ ಜಾರುತ್ತಿತ್ತು.

ಮೋಡ ಮುಚ್ಚಿದ ಸಂಜೆ. ಗೇಟಿನಲ್ಲಿ ಪ್ರವೇಶದ ಕಾರ್ಡು ಒತ್ತಿದರು, ಅಡ್ಡಗಂಬ ಎದ್ದಿತು, ನನ್ನ ಬೆನ್ನು ಸೀಟಿಗೆ ಅಂಟಿತು. ಅವರು ಓಡಿಸುವ ಚೆಂದವನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕೈ ಅಲುಗುತ್ತಲೇ ಇರಲಿಲ್ಲ, ರಸ್ತೆಯೇ ತಿರುಗಿ ಚಕ್ರದ ಕೆಳಗೆ ಬಂದು ಮಲಗುತ್ತಿತ್ತು. ತಿರುವು ಕಾಣುವ ಮೊದಲೇ ಅದರ ಹೆಸರು ಹೇಳುತ್ತಿದ್ದರು. ನರಿಕೊಳವೆ ಅನ್ನುವ ಇಳಿಜಾರಿನಲ್ಲಿ ನಾನು ಬಾಗಿಲಿನ ಹಿಡಿ ಬಿಗಿಯಾಗಿ ಹಿಡಿದೆ, ಅವರು ಗುನುಗುತ್ತಿದ್ದರು.

ನಾನು ರಸ್ತೆ ನೋಡಲಿಲ್ಲ. ಅವರ ಕಣ್ಣು ನೋಡುತ್ತಿದ್ದೆ. ಅವು ಎಲ್ಲಿಗೂ ಹೋಗುತ್ತಿರಲಿಲ್ಲ. ಕನ್ನಡಿಯತ್ತಲೂ ಇಲ್ಲ, ಮುಂದಿನ ಕಾರಿನತ್ತಲೂ ಇಲ್ಲ. ಹಿಂದಿನಿಂದ ಯಾರೋ ಬಂದರೆ ತಲೆಯನ್ನು ಒಂಚೂರು ವಾಲಿಸಿ ಕೇಳಿಸಿಕೊಂಡು, ದೊಡ್ಡ ಎಂಜಿನ್ನು ಬರ್ತಿದೆ, ಹೋಗಲಿ ಪಾಪ, ಎಂದು ಬಲಕ್ಕೆ ಸರಿದು ದಾರಿ ಬಿಡುತ್ತಿದ್ದರು. ತುಟಿ ಮಾತ್ರ ಸಣ್ಣಗೆ ಅಲುಗುತ್ತಿತ್ತು. ಪ್ರಾರ್ಥನೆ ಇರಬೇಕು ಅಂದುಕೊಂಡೆ. ಕಿವಿಗೊಟ್ಟೆ. "ಆರು, ಏಳು, ಎಂಟು, ಬಲಕ್ಕೆ. ಒಂದು, ಎರಡು..."

ಎಣಿಸುತ್ತಿದ್ದರು.

ನಮ್ಮ ಊರಿನ ಸೇತುವೆ ದಾಟಿ ಏರು ಹತ್ತಿದಾಗ ಎಡಬದಿಯಲ್ಲಿ ಹಳದಿ ದೀಪ ಮಿನುಗುತ್ತಿರುವುದು ಕಂಡಿತು. ಮುಂದೆ ಏನೋ ಆಗಿದೆ, ನಿಧಾನಿಸು, ಎಂದು ಅದರ ಅರ್ಥ. ನೋಡಿರುತ್ತಾರೆ, ಈಗ ನಿಧಾನ ಮಾಡುತ್ತಾರೆ ಅಂದುಕೊಂಡೆ. ಮಾಡಲಿಲ್ಲ. ಕಿತ್ತಳೆ ಅಂಗಿಯವನೊಬ್ಬ ರಸ್ತೆಯಂಚಿನ ಕಬ್ಬಿಣದ ಕಟಕಟೆಯ ಆಚೆಯಿಂದ ಹಳದಿ ಬಾವುಟವನ್ನು ಎರಡೂ ಕೈಯಲ್ಲಿ ಹಿಡಿದು ಬೀಸುತ್ತಿದ್ದ. ಅವನ ಮುಂದಿನಿಂದಲೂ ಅದೇ ವೇಗದಲ್ಲಿ ಹೋದೆವು. "ನಾಲ್ಕು, ಐದು," ಅಂದರು ಓಮಾ. ತಿರುವಿನ ಬಾಯಲ್ಲಿ ಒಂದು ಕೆಂಪು ಕಾರು ರಸ್ತೆಗೆ ಅಡ್ಡವಾಗಿ ನಿಂತಿತ್ತು. ಅದರ ಯಜಮಾನ ಕಟಕಟೆ ಹತ್ತಲು ಹೋಗಿ ಒಂದು ಕಾಲು ಆಚೆ ಒಂದು ಕಾಲು ಈಚೆ ಮಾಡಿಕೊಂಡು ನಮ್ಮನ್ನೇ ನೋಡುತ್ತಿದ್ದ. ನಾನು ಕೂಗಿದೆ.

"ನಿಲ್ಸಿ! ಕಾರಿದೆ!"

ನನ್ನ ಕೂಗು ಮುಗಿಯುವ ಮೊದಲೇ ಅವರ ಕಾಲು ಬ್ರೇಕಿಗೆ ಹೋಯಿತು. ರಬ್ಬರಿನ ಕಮಟು ವಾಸನೆ. ಕೆಂಪು ಬಾಗಿಲು ನನ್ನ ಕಿಟಕಿಯತ್ತ ಜಾರಿ ಬಂದು, ನಾನು ಕೈ ಚಾಚಿದರೆ ಮುಟ್ಟುವಷ್ಟು ದೂರದಲ್ಲಿ ನಿಂತಿತು. ಆ ಮನುಷ್ಯ ತಲೆಯ ಮೇಲೆ ಕೈ ಹೊತ್ತು ಕಟಕಟೆಯ ಆಚೆ ಬಿದ್ದಿದ್ದ.

ಬಾವುಟದವನು ಓಡುತ್ತ ಬಂದ. ಬಯ್ಯುತ್ತಾನೆ, ಇವರ ಕಾರ್ಡು ಕಿತ್ತುಕೊಳ್ಳುತ್ತಾನೆ, ಎಲ್ಲ ಇಲ್ಲಿಗೇ ಮುಗಿಯುತ್ತದೆ, ನಾನು ಯಾರಿಗೂ ಏನೂ ಹೇಳಬೇಕಾಗಿಲ್ಲ, ಎಂದು ದೇವರಾಣೆ ನಾನು ಆಸೆಪಟ್ಟೆ. ಅವನು ಬಗ್ಗಿ ಒಳಗೆ ನೋಡಿ, "ಓ, ಹಿಲ್ಟ್ರುಡ್ ನೀನಾ?" ಅಂದ. ಏದುಸಿರು ಬಿಡುತ್ತಲೇ ನಕ್ಕ. "ಬೇರೆ ಯಾರಾದರೂ ಆಗಿದ್ರೆ ಈಗ ಗುಡಿಸಿ ಬಾಚಬೇಕಿತ್ತು. ಏನು ಬ್ರೇಕ್ ಹೊಡೀತೀಯ ಮಾರಾಯ್ತಿ."

"ಬಿಸಿಲು ಕಣ್ಣಿಗೆ ಹೊಡೀತು," ಅಂದರು ಓಮಾ.

ನಾನು ಮೇಲೆ ನೋಡಿದೆ. ಬೆಳಗಿನಿಂದಲೂ ಬಿಸಿಲೆಂಬುದೇ ಇರಲಿಲ್ಲ. ಬಾವುಟದವನು ಮೇಲೆ ನೋಡಲಿಲ್ಲ.

ಉಳಿದ ದಾರಿಯನ್ನು ಬಲಬದಿ ಹಿಡಿದು ನಿಧಾನವಾಗಿ ಮುಗಿಸಿದೆವು. ಅವರು ಗುನುಗಲಿಲ್ಲ. ಮನೆಯಲ್ಲಿ ಸ್ವೆನ್ ಹೇಗಿತ್ತು ಎಂದು ಕೇಳಿದ. ಚೆನ್ನಾಗಿತ್ತು ಅಂದೆ. ನಾಲಿಗೆ ಹಾಗೇ ಹೊರಳಿತು. ಅವನ ಅಮ್ಮ, ಅವರ ಊರು, ಅವರ ಹೆಮ್ಮೆ. ನಾನು ಬಾಟಲಿ ಮೂರು ಸಲ ಕುದಿಸುವವಳು, ನನ್ನ ಮಾತು ಯಾರು ನಂಬುತ್ತಾರೆ? ಅಂಚೆ ಹಂಚಿದ ಮೂವತ್ತೊಂದು ವರ್ಷ ಮುಗಿದ ಮೇಲೆ ಆ ಹೆಂಗಸಿಗೆ ಉಳಿದಿದ್ದೇ ಈ ಬುಧವಾರಗಳು. ಅದನ್ನು ನಾನು ಕಿತ್ತುಕೊಳ್ಳಬೇಕಾ?

ಗುರುವಾರ ಎರಡು ಸಲ ಫೋನು ಕೈಗೆತ್ತಿಕೊಂಡು ಕೆಳಗಿಟ್ಟೆ. ಶುಕ್ರವಾರ ಬೆಳಿಗ್ಗೆ ಇಡಾ ಕಾರಿನಲ್ಲಿ ತಾನು ಕೂರುವ ಪುಟ್ಟ ಪೀಠವನ್ನು ಹಜಾರಕ್ಕೆ ಎಳೆದು ತಂದು, ಕೂತು, ಎರಡೂ ಕೈ ಮುಂದೆ ಚಾಚಿ ಬಾಯಲ್ಲಿ ಗುರ್ ಎನ್ನುತ್ತಿದ್ದಳು. ನನ್ನನ್ನು ಕಂಡು, ಅಮ್ಮ, ನಾನು ವಾಂತಿ ಮಾಡಲ್ಲ ನೋಡು, ಅಂದಳು. ಅದೇ ಹೊತ್ತಿಗೆ ಕಾಡಿನ ಕಡೆಯ ಸದ್ದು ನಿಂತಿತು. ನಾನು ಹಾಗೇ ನಿಂತೆ. ಒಂದು ನಿಮಿಷ. ಎರಡು. ಆಮೇಲೆ ಮತ್ತೆ ಎಂಜಿನ್ನುಗಳು ಶುರುವಾದವು, ಏನೂ ಆಗಿರಲಿಲ್ಲ. ಅಡುಗೆಮನೆಯ ಬಾಗಿಲು ಹಾಕಿಕೊಂಡು ನಂಬರು ಒತ್ತಿದೆ.

"ಓಮಾ, ನಾನು ಮರೈಕೆ."

"ಹೇಳು. ಇಡಾಗೆ ದಪ್ಪ ಸ್ವೆಟರ್ ಹಾಕು, ಮೇಲೆ ಗಾಳಿ ಇರುತ್ತೆ."

"ಇಡಾ ನಾಳೆ ಬರಲ್ಲ."

ಆ ಕಡೆ ಚಾಕು ಹಲಗೆಯ ಮೇಲೆ ಇಟ್ಟ ಸದ್ದಾಯಿತು. "ಸ್ವೆನ್ ಹೇಳಿದ್ನಾ?"

"ಅವರಿಗೆ ಗೊತ್ತಿಲ್ಲ. ನಾನೇ ಹೇಳ್ತಿದೀನಿ. ಬುಧವಾರ ನಿಮಗೆ ಹಳದಿ ದೀಪ ಕಾಣಲಿಲ್ಲ. ಬಾವುಟ ಕಾಣಲಿಲ್ಲ. ಆ ಕಾರೂ ಕಾಣಲಿಲ್ಲ."

ಕೂಗಾಡುತ್ತಾರೆ, ಪಟ್ಟಣದ ಪುಕ್ಕಲಿ ಅನ್ನುತ್ತಾರೆ, ಫೋನು ಕುಕ್ಕುತ್ತಾರೆ, ಎಂದು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕಾದೆ.

"ಯಾವ ಬಣ್ಣದ್ದು?"

"ಏನು?"

"ಆ ಕಾರು ಕಣೆ. ಯಾವ ಬಣ್ಣದ್ದಿತ್ತು?"

"ಕೆಂಪು, ಓಮಾ."

"ಕೆಂಪಾ," ಅಂದರು. "ನಾನು ಅದನ್ನ ರಸ್ತೆ ಅಂದ್ಕೊಂಡಿದ್ದೆ."

ನನಗೆ ಅಳು ಬಂತು, ಬಾಯಿಗೆ ಪಾತ್ರೆ ಒರೆಸುವ ಬಟ್ಟೆಯನ್ನೇ ಒತ್ತಿಕೊಂಡೆ. ಅವರಿಗೆ ಕೇಳಿಸಿರಬೇಕು.

"ಅಳಬೇಡ, ಹೊತ್ತಿಲ್ಲ," ಅಂದರು. "ಈಗಲೇ ಬಂದು ಕಾರಿನ ಕೀ ತಗೊಂಡು ಹೋಗು. ನಡ್ಕೊಂಡೇ ಬಾ, ಆದರೆ ಬೇಗ ಬಾ. ಇನ್ನೊಂದು ಗಂಟೆ ಬಿಟ್ರೆ ಕೊಡಲ್ಲ ಅಂತೀನಿ ನಾನು."