ಎಮ್ಮೆಯ ಇಂಗ್ಲಿಷ್ ಪಾಠ

ಈ ವಯಸ್ಸಿನಲ್ಲಿ ನಾನು ನಾಲ್ಕು ಸಲ ಐದನೆಯ ತರಗತಿಯ ಇಂಗ್ಲಿಷ್ ಪಾಠಕ್ಕೆ ಕೂತಿದ್ದೇನೆ. ಬಿ.ಇಡಿ. ಓದುತ್ತಿರುವ ಸೊಸೆ ಗಿರಿಜಾಳಿಗೆ ಪಾಠದ ತಾಲೀಮಿಗೆ ಮಕ್ಕಳು ಬೇಕಿತ್ತು. ಮನೆಯಲ್ಲಿ ಖಾಲಿ ಇದ್ದವಳು ನಾನೊಬ್ಬಳೇ. ಖಾಲಿ ಇದ್ದ ಗೋಡೆಯೂ ಒಂದೇ, ದೇವರ ಜಗುಲಿಯ ಪಕ್ಕದ್ದು. ಕಾಲೇಜಿನಿಂದ ತಂದ ಪ್ರೊಜೆಕ್ಟರಿನ ಆಕಳು, ಎಮ್ಮೆ, ಆಡು ಎಲ್ಲ ಶಿವನ ಬಲಕ್ಕೇ ಬಂದು ನಿಂತವು. ಅವನಿಗೆ ಪ್ರಾಣಿಗಳ ರೂಢಿ ಇದೆ. ನಾನು ಊದಿನಕಡ್ಡಿಯನ್ನಷ್ಟೇ ಎಡಕ್ಕೆ ಸರಿಸಿದೆ.

ಗಿರಿಜಾ ಮತ್ತು ಅವಳ ಗೆಳತಿಯರು ತಂತ್ರಜ್ಞಾನ ಬಹಳ ಉಪಯುಕ್ತವೆಂದು ಪರೀಕ್ಷೆಯಲ್ಲಿ ಎರಡು ಪುಟ ಬರೆಯುತ್ತಾರೆ. ನನ್ನ ಅಡುಗೆಮನೆಯಲ್ಲಿ ಚಹಾ ಕುಡಿಯುವಾಗ ಬೇರೆಯದನ್ನೇ ಹೇಳುತ್ತಾರೆ. ಇಂಗ್ಲಿಷ್ ಪಾಠ ಹೇಳುವ ಮೊಬೈಲಿನ ದನಿ ತಡವರಿಸುವುದಿಲ್ಲ, ತಡವರಿಸುವವರು ತಾವು. ಹಾಗಿದ್ದ ಮೇಲೆ ಮಕ್ಕಳು ತಮ್ಮ ಮಾತನ್ನು ಯಾಕೆ ಕೇಳಬೇಕು? ಇದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲವಂತೆ. ನಾನು ಇನ್ನಷ್ಟು ಅವಲಕ್ಕಿ ಹಾಕಿದೆ.

ಗಿರಿಜಾಳ ಕೊನೆಯ ಪಾಠ ಹೆಬ್ಬಳ್ಳಿಯ ಸಾಲೆಯಲ್ಲಿತ್ತು. ಅದು ಕೆಟ್ಟರೆ ಮುಂದಿನ ವರ್ಷ ಮತ್ತೆ ಮಾಡಬೇಕು. ವಿಭೂತಿ ಹಚ್ಚಿ ಕಳಿಸಿದೆ. ಅಂಕ ಹಾಕುವ ಮೇಡಂ ಹಿಂದಿನ ಬೆಂಚಿನಲ್ಲಿ ಕೂತರಂತೆ. ಮೊಬೈಲು ಪ್ರಾಣಿಗಳ ಹೆಸರು ಹೇಳಿತು. ಮಕ್ಕಳು ಗುಡಿಯಲ್ಲಿ ಕೂತಂತೆ ಕೈಕಟ್ಟಿ ಕೇಳಿದರು, ಒಬ್ಬರೂ ಬಾಯಿ ಬಿಡಲಿಲ್ಲ. ಗಾಬರಿಯಾದ ಗಿರಿಜಾ ಗೋಡೆಯ ಮೇಲಿನ ಎಮ್ಮೆಯನ್ನು ಕೋಲಿನಿಂದ ತೋರಿಸಿ "ಕೌ" ಎಂದಳು.

ಅವರು ಮುಂಜಾನೆ ಎಮ್ಮೆಯ ಮೈ ತೊಳೆದು ಸಾಲೆಗೆ ಬಂದ ಮಕ್ಕಳು.

"ಟೀಚರ್, ಅದು ಕೌ ಅಲ್ರಿ, ಬಫೆಲೋ ಐತ್ರಿ" ಎಂದಳು ಮುಂದಿನ ಸಾಲಿನ ಹುಡುಗಿ.

ಆಮೇಲೆ ಇಡೀ ತರಗತಿಗೆ ಬಾಯಿ ಬಂತು. ಅದು ಕಪ್ಪಗಿದೆ, ಕೊಂಬು ದೊಡ್ಡದು, ನಮ್ಮ ಮನೆಯಲ್ಲಿ ಎರಡಿವೆ ಎಂದು ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಟೀಚರಿಗೆ ತಿಳಿಸಿಕೊಟ್ಟರು. ಮೇಡಂ ಅಂಕದ ಪುಸ್ತಕದಲ್ಲಿ, ಬೇಕೆಂದೇ ತಪ್ಪು ಹೇಳಿ ಮಕ್ಕಳನ್ನು ಮಾತಿಗೆಳೆದ ಜಾಣ್ಮೆ ಎಂದು ಬರೆದರು.

ಸಂಜೆ ಗಿರಿಜಾ ಚಹಾದ ಲೋಟ ಬದಿಗಿಟ್ಟು ಕೇಳಿದಳು. "ಅತ್ತಿ, ಮೇಡಂಗ ಖರೇ ಹೇಳಿಬಿಡ್ಲೇನ್ರಿ?"

"ಹೇಳವ್ವ. ಶಿವಾ ಹೆಂಗೂ ನೋಡ್ಯಾನ."

ಮರುದಿನ ಹೇಳಿದಳು. ಮೇಡಂ 'ಬೇಕೆಂದೇ' ಎಂಬುದನ್ನೂ 'ಜಾಣ್ಮೆ' ಎಂಬುದನ್ನೂ ಹೊಡೆದುಹಾಕಿ, ಅಂಕ ಮಾತ್ರ ಹಾಗೇ ಬಿಟ್ಟರಂತೆ.

ಇದನ್ನು ಕೇಳಿದ ಗೆಳತಿಯೊಬ್ಬಳು ತನ್ನ ಪಾಠದಲ್ಲಿ ಬೇಕೆಂದೇ ಆಡಿಗೆ "ಡಾಗ್" ಅಂದು ನೋಡಿದಳು. ಮಕ್ಕಳು ಅವಳ ಮುಖವನ್ನೊಮ್ಮೆ ನೋಡಿ ಸುಮ್ಮನೆ ಕೂತರು. ಬೇಡಿದ್ದನ್ನು ಶಿವ ಕೊಡುತ್ತಾನೆಂದು ಕೇಳಿದ್ದೆ. ಅಡಚಣೆಯ ಹೊತ್ತಿಗೆ ಒಂದು ತಪ್ಪನ್ನೂ ಕೊಡುತ್ತಾನೆ. ಅದನ್ನು ಮನೆಯಲ್ಲಿ ಮಾಡಿ ಡಬ್ಬಿ ಕಟ್ಟಿಕೊಂಡು ಹೋಗಲು ಬರುವುದಿಲ್ಲ.