ಬಿಸಿಲಿಗಿಟ್ಟ ಲ್ಯಾಪ್‌ಟಾಪ್

ಮೊನ್ನೆ ಮಾನ್ವಿ ಊರಿನ ನಮ್ಮ ಮನೆಯಲ್ಲಿ ಹಳೆಯ ಕಬ್ಬಿಣದ ಪೆಟ್ಟಿಗೆ ತೆರೆದಾಗ, ಟೈಪ್‌ರೈಟರಿನ ಕೆಳಗೆ ಹಾಸುತ್ತಿದ್ದ ಹಸಿರು ಉಣ್ಣೆಯ ದಪ್ಪ ಹಾಸು ಕೈಗೆ ಬಂತು. ಮೂಗಿಗೆ ಹಿಡಿದೆ. ಮಷಿನ್ ಎಣ್ಣೆ, ಧೂಳು, ಅವೆರಡರ ಹಿಂದೆ ಕಾದ ಪ್ಲಾಸ್ಟಿಕ್ಕಿನ ಕಮಟು... ಆ ಕಮಟಿನ ಜೊತೆಗೇ ರಾಯಚೂರಿನ ಅಂಗಡಿಯಾತ ಕಣ್ಣೆದುರು ಬಂದು ನಿಂತ. ಬದುಕಿದ್ದಾಗ, ಒಂದೇ ಒಂದು ಸಲ ಬಿಟ್ಟರೆ, ಎಷ್ಟು ಕರೆದರೂ ಗಾಜಿನ ಬಾಗಿಲು ದಾಟಿ ಹೊರಗೆ ಬಾರದಿದ್ದ ಮನುಷ್ಯ, ಈಗ ಕರೆಯದೆಯೇ ಬಂದಿದ್ದ.

ದೇವದುರ್ಗದ ತಹಶೀಲ್ ಕಚೇರಿಯ ಎದುರು, ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ನಾನು ಇಪ್ಪತ್ತೆಂಟು ವರ್ಷ ಜನರ ಅರ್ಜಿ ಬರೆದೆ. ಅರ್ಜಿಗಳೆಲ್ಲ ಆನ್‌ಲೈನ್ ಆದಾಗ ಟೈಪ್‌ರೈಟರ್ ಮೂಲೆ ಸೇರಿತು. ಕಡಿಮೆ ಬೆಲೆಯ ಚಿಕ್ಕ ಲ್ಯಾಪ್‌ಟಾಪ್ ಒಂದು ಬೇಕಾಯಿತು. ನನ್ನ ಅಗತ್ಯಗಳನ್ನು ಹಾಳೆಯ ಮೇಲೆ ಬರೆದೊಯ್ದಿದ್ದೆ. ಮರಕ್ಕೆ ಕರೆಂಟಿಲ್ಲ, ಆದ್ದರಿಂದ ಬ್ಯಾಟರಿ ಹತ್ತರಿಂದ ಐದರವರೆಗೆ ನಿಲ್ಲಬೇಕು. ಬೇಸಿಗೆಯಲ್ಲಿ ನಮ್ಮಲ್ಲಿ ನೆರಳೂ ಸುಡುತ್ತದೆ, ಯಂತ್ರ ಕಾಯಬಾರದು. ಸರ್ಕಾರಿ ಪುಟಗಳು ಭಾರ, ಬೇಗ ತೆರೆಯಬೇಕು. ಸಣ್ಣ ಬೆಲೆಯಲ್ಲಿ ಈ ಮೂರೂ ಒಟ್ಟಿಗೆ ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು. ಯಾವುದನ್ನು ಎಷ್ಟು ಬಿಟ್ಟುಕೊಡಬೇಕೆಂದು ಕೇಳುವುದಕ್ಕೇ ಹೋಗಿದ್ದೆ.

ಆತ ನನ್ನನ್ನು ನಲವತ್ತು ನಿಮಿಷ ನಿಲ್ಲಿಸಿದ. ಖಾಲಿ ಕುರ್ಚಿ ಎರಡಿದ್ದವು. ಆಮೇಲೆ ನನ್ನ ಹಾಳೆಯನ್ನು ಉಳಿದ ಗಿರಾಕಿಗಳಿಗೆ ಕೇಳುವಂತೆ ಗಟ್ಟಿಯಾಗಿ ಓದಿದ. ಫ್ಯಾನೇ ಇಲ್ಲದ, ನಿಧಾನದ, ಆದರೆ ಬ್ಯಾಟರಿ ಹೆಚ್ಚು ಬಾಳುವ ಒಂದು ಯಂತ್ರವನ್ನು ನಾನು ತೋರಿಸಿದರೆ, ಅದನ್ನು ಬದಿಗೆ ಸರಿಸಿದ.

"ಅದು ಎಮ್ಮಿ ಅದ, ಬಿಡ್ರಿ. ಇದು ಕುದರಿ. ಎಂಟು ತಾಸು ನಡೀತದ, ಒಯ್ಯಿರಿ."

ಏಸಿ ಹಾಕಿದ ಅಂಗಡಿಯಲ್ಲಿ, ಪರದೆಯ ಬೆಳಕು ಅರ್ಧಕ್ಕಿಳಿಸಿದರೆ ಯಾವ ಯಂತ್ರವಾದರೂ ತಣ್ಣಗೆ ಓಡುತ್ತದೆ. ಬಯಲಿನಲ್ಲಿ ಅರ್ಧ ಬೆಳಕಿಗೆ ಅಕ್ಷರವೇ ಕಾಣುವುದಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಒಂದು ದಿನ ಇಟ್ಟು ನೋಡಲೇ ಎಂದು ಕೇಳಿದೆ.

"ಯಪ್ಪಾ, ಸಂತ್ಯಾಗ ಎತ್ತಿನ ಹಲ್ಲು ಎಣಿಸಾಕ ಬಂದೀರೇನು?"

ಅಂಗಡಿಯೆಲ್ಲ ನಕ್ಕಿತು. ಆತ ನನಗಿಂತ ನಾಲ್ಕೇ ವರ್ಷ ಚಿಕ್ಕವನು. ಆ 'ಯಪ್ಪಾ' ಗೌರವದ್ದಾಗಿರಲಿಲ್ಲ. ಅವಮಾನ ತಪ್ಪಿಸಿಕೊಳ್ಳುವ ಅವಸರದಲ್ಲಿ ಕುದುರೆಯನ್ನೇ ಕೊಂಡು ತಂದೆ.

ಏಪ್ರಿಲ್‌ನಲ್ಲಿ ಅರಕೇರಾದಿಂದ ಒಬ್ಬ ತಾಯಿ ಬಂದಳು. ದೂರದ ಊರಿನಲ್ಲಿ ಕಟ್ಟಡದ ಕೆಲಸಕ್ಕಿದ್ದವಳು, ಮಗಳ ವಸತಿ ಶಾಲೆಯ ಅರ್ಜಿಗಾಗಿ ಒಂದು ದಿನದ ಮಟ್ಟಿಗೆ ಬಂದಿದ್ದಳು. ಅಂದು ಮಧ್ಯಾಹ್ನ ಎರಡಕ್ಕೆ ಗಡುವು. ಕರೆಂಟ್ ಬೆಳಿಗ್ಗೆಯೇ ಹೋಗಿ, ಊರಿನ ಆನ್‌ಲೈನ್ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಫೋನಿನಲ್ಲಿ ಆ ಅರ್ಜಿ ತೆರೆಯುತ್ತಿರಲಿಲ್ಲ. ತಾಯಿ ಮಗಳು ನನ್ನ ಮೇಜಿಗೆ ತಲುಪಿದಾಗ ಹನ್ನೆರಡೂವರೆ. ನಾನು ಹತ್ತರಿಂದ ಬೇರೆಯವರ ಕೆಲಸದಲ್ಲಿದ್ದೆ. ಯಂತ್ರ ಆಗಲೇ ಕೈಯಿಡಲಾಗದಷ್ಟು ಕಾದಿತ್ತು, ಫ್ಯಾನು ಬುಸುಗುಡುತ್ತಿತ್ತು. ಒತ್ತಿದ ಅಕ್ಷರ ಎಷ್ಟೋ ಹೊತ್ತಿಗೆ ಮೂಡುತ್ತಿತ್ತು. ಒಂದು ಗಂಟೆ ಹತ್ತು ನಿಮಿಷಕ್ಕೆ ಪರದೆ ಕಪ್ಪಾಯಿತು. ಬ್ಯಾಟರಿ ಮುಗಿದಿತ್ತು.

ತಾಯಿ ಆ ಕಪ್ಪು ಪರದೆಯನ್ನೇ ನೋಡುತ್ತ ಕುಳಿತಳು. ಆಮೇಲೆ, "ಹೊಲಿಗಿ ಮಷಿನ್ ಆಗಿದ್ರ ಕಾಲಿಲೆ ಆದ್ರೂ ತುಳೀಬೋದಿತ್ತಲ್ಲ, ಯಪ್ಪಾ" ಎಂದಳು. ಬೈದಿದ್ದರೆ ವಾಸಿಯಿತ್ತು. ಆ ವರ್ಷ ಹುಡುಗಿ ಶಾಲೆಗೆ ಹೋಗಲಿಲ್ಲ. ತಾಯಿಯ ಹಿಂದೆ ಇಟ್ಟಿಗೆ ಹೊರಲು ಹೋದಳು.

ಮರುದಿನವೇ ರಾಯಚೂರಿಗೆ ಹೋಗಿ ಇದನ್ನೆಲ್ಲ ಆತನಿಗೆ ಹೇಳಿದೆ. ಆತ ಯಂತ್ರವನ್ನು ಮುಟ್ಟಿ ಸಹ ನೋಡಲಿಲ್ಲ.

"ಮಷಿನ್ ಛಲೋ ಅದರೀ. ನಿಮ್ಮೂರ ಬಿಸಿಲು ಸರಿ ಇಲ್ಲ. ನಾ ಏನ್ ಮಾಡ್ಲಿ?"

ಅದರ ಮರುದಿನ ಬೆಳಿಗ್ಗೆ ಯಂತ್ರಕ್ಕೆ ಪೂರ್ತಿ ಚಾರ್ಜ್ ತುಂಬಿಸಿಕೊಂಡು, ಆತನ ಅಂಗಡಿಯ ಮೆಟ್ಟಿಲ ಮೇಲೆ ನನ್ನ ಮೇಜಿನಲ್ಲಿದ್ದಂತೆಯೇ ಎಲ್ಲ ಜೋಡಿಸಿ, ಹತ್ತಕ್ಕೆ ಕೆಲಸ ಶುರುಮಾಡಿದೆ. ಕಾಲು ಗಂಟೆಗೊಮ್ಮೆ ಬ್ಯಾಟರಿ ಎಷ್ಟುಳಿದಿದೆ, ಒಂದು ಪುಟ ಎಷ್ಟು ಹೊತ್ತಿಗೆ ತೆರೆಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದೆ. ಜನ ಸೇರಿದರು. ಒಳಗೆ ಹೋಗಬೇಕಾದ ಗಿರಾಕಿಗಳು ನನ್ನ ಬಳಿಯೇ ನಿಂತು ಕೇಳತೊಡಗಿದರು. ಸರಿಯಾಗಿ ಒಂದು ಹತ್ತಕ್ಕೆ ಪರದೆ ಕಪ್ಪಾಯಿತು. ನಾನು ನೋಟ್‌ಬುಕ್ಕನ್ನು ಎತ್ತಿ ಹಿಡಿದೆ.

ಅಂದು ಮೊದಲ ಸಲ ಆತ ಗಾಜಿನ ಬಾಗಿಲು ತಳ್ಳಿ ಹೊರಗೆ ಬಂದ. ಯಂತ್ರವನ್ನೆತ್ತಿದ. ಕೆಳಗಿದ್ದ ಹಸಿರು ಹಾಸನ್ನು ಎರಡು ಬೆರಳಲ್ಲಿ ಹಿಡಿದು ಎಲ್ಲರಿಗೂ ತೋರಿಸಿದ.

"ನೋಡ್ರೆಪಾ! ಇಂಥ ಬ್ಯಾಸಗ್ಯಾಗ ಮಷಿನ್ನಿಗೆ ಕಂಬಳಿ ಹಾಸ್ಯಾರ! ಗಾಳಿ ಎಳ್ಕೊಳೋ ತೂತು ಕೆಳಗೇ ಅದಾವ್ರೀ!"

ಟೈಪ್‌ರೈಟರಿನ ಕಾಲಿಗೆ ಮೆತ್ತಗಿರಲೆಂದು ಇಪ್ಪತ್ತು ವರ್ಷ ಹಾಸಿದ್ದನ್ನೇ ನಾನು ಲ್ಯಾಪ್‌ಟಾಪಿಗೂ ಹಾಸಿದ್ದೆ. ತೂತುಗಳ ಮಾತನ್ನು ಮಾರುವಾಗ ಆತ ಹೇಳಿರಲಿಲ್ಲ. ಅಂದು ನಕ್ಕವರು ಹನ್ನೊಂದು ಜನ. ಅವರಲ್ಲಿ ಮೂವರ ಮುಖ ಇಂದಿಗೂ ಗುರುತಿದೆ.

ಬಿಡಲಿಲ್ಲ. ಮತ್ತೆ ಮರುದಿನ ಹೋದೆ. ಅದೇ ಮೆಟ್ಟಿಲು, ಅದೇ ಬೆಳಕು, ಅದೇ ಕೆಲಸ. ಹಾಸು ಮಾತ್ರ ಇಲ್ಲ. ಯಂತ್ರ ಎರಡೂವರೆಗೆ ನಿಂತಿತು. ನಾಲ್ಕೂವರೆ ಗಂಟೆ. ಎಂಟೆಂದು ಹೇಳಿದವನು ಸುಳ್ಳನೆಂದು ಹಗಲಿನಷ್ಟು ಸ್ಪಷ್ಟವಾಯಿತು. ನೋಟ್‌ಬುಕ್ಕನ್ನು ಆತನ ಮುಂದಿಟ್ಟೆ. ಆತ ಎರಡು ದಿನದ ಪುಟಗಳನ್ನೂ ನಿಧಾನವಾಗಿ ನೋಡಿದ. ಅಂದು ನಗಲಿಲ್ಲ. ಗಿರಾಕಿಗಳಿಗೆ ಕೇಳದಂತೆ ದನಿ ತಗ್ಗಿಸಿದ.

"ಹಾಸಿಲ್ದ ಎರಡೂವರಿ ತನಕ ನಡೀತಲ್ಲ. ಆ ಹುಡುಗಿ ಅರ್ಜಿ ಮುಗಿಯಾಕ ಇನ್ನ ಎಷ್ಟೊತ್ತು ಬೇಕಿತ್ರೀ?"

ನೋಟ್‌ಬುಕ್ ಕಸಿದುಕೊಂಡು ಬಸ್ ನಿಲ್ದಾಣಕ್ಕೆ ನಡೆದೆ.

ಆಮೇಲೆ ಆತ ಮಾಡಿದ್ದೇನು ಗೊತ್ತೇ? ಅಂಗಡಿಯ ಮುಂದೆ ಫಲಕ ಹಾಕಿಸಿದ: 'ಬಿಸಿಲಿನಲ್ಲಿ ಪರೀಕ್ಷಿಸಿ ಕೊಡುತ್ತೇವೆ.' ನನ್ನ ಮೆಟ್ಟಿಲು, ನನ್ನ ಪರೀಕ್ಷೆ. ಹೆಸರು ಆತನ ಅಂಗಡಿಯದು. ನನ್ನ ಮಾತು ಎಲ್ಲಿಯೂ ಇಲ್ಲ. ಆದರೆ ಆ ಪ್ರಶ್ನೆಯನ್ನೂ ಆತ ಮತ್ತೆಂದೂ, ಯಾರೆದುರಿಗೂ ಎತ್ತಲಿಲ್ಲ. ಎತ್ತಿದ್ದರೆ ನನ್ನ ಕಿವಿಗೆ ಬೀಳುತ್ತಿತ್ತು. ರಾಯಚೂರು ಅಷ್ಟು ದೊಡ್ಡ ಊರಲ್ಲ.

ಎರಡು ವರ್ಷದ ಹಿಂದೆ ಆತ ತೀರಿಕೊಂಡ ಸುದ್ದಿ ಬಂತು. ಮನೆಯವರನ್ನು ಮಾತಾಡಿಸಲೂ ನಾನು ಹೋಗಲಿಲ್ಲ. ನಿನ್ನೆ, ಏಕೋ, ಹಾಸನ್ನು ಚೀಲಕ್ಕೆ ಹಾಕಿಕೊಂಡು ರಾಯಚೂರಿನ ಬಸ್ಸು ಹತ್ತಿದೆ. ಅಂಗಡಿಯಲ್ಲಿ ಈಗ ಚಪ್ಪಲಿ ಮಾರುತ್ತಾರೆ. ಫಲಕವಿಲ್ಲ, ಗಾಜಿನ ಬಾಗಿಲಿಲ್ಲ. ಮೆಟ್ಟಿಲು ಮಾತ್ರ ಹಾಗೆಯೇ ಇತ್ತು... ಕುಳಿತೆ. ಕಲ್ಲು ಕಾದಿತ್ತು, ಆದರೂ ಹಾಸನ್ನು ಹೊರಗೆ ತೆಗೆಯಲಿಲ್ಲ.

ಆತನನ್ನು ನಾನು ಕ್ಷಮಿಸಿಲ್ಲ. ನಿಲ್ಲಿಸಿದ ನಲವತ್ತು ನಿಮಿಷವನ್ನು, ಓದಿದ ಹಾಳೆಯನ್ನು, ಎತ್ತಿ ತೋರಿಸಿದ ಹಾಸನ್ನು ಮರೆತಿಲ್ಲ. ಆದರೆ ಆ ಪ್ರಶ್ನೆಯನ್ನು ಕೇಳಿದವನು ಆತನೊಬ್ಬನೇ. ಈಗ ಉತ್ತರ ಹೇಳೋಣವೆಂದರೆ ಬಾಗಿಲು ತಳ್ಳಿಕೊಂಡು ಹೊರಗೆ ಬರುವವರಿಲ್ಲ.

ಇಪ್ಪತ್ತು ನಿಮಿಷ ಬೇಕಿತ್ತು.