ಪಟಾಲಮ್ಮನ ಉಕ್ಕಿನ ಪಿಸ್ತೂಲು

ಹೆಡ್ ಕಾನ್‌ಸ್ಟೆಬಲ್ ಪಟಾಲಮ್ಮನ ಕೈ ಕುಲುಕಿದವರು ಆಮೇಲೆ ತಮ್ಮ ಬೆರಳುಗಳು ಸರಿಯಾಗಿವೆಯೇ ಎಂದು ನೋಡಿಕೊಳ್ಳುತ್ತಾರೆ. ದೊಡ್ಡನೆಕ್ಕುಂದಿಯಲ್ಲಿ ಅಪ್ಪ ಮುನಿಆಂಜನಪ್ಪನಿಗೆ ಹೊಲ ಇದ್ದಷ್ಟು ಕಾಲ ಕೊಟ್ಟಿಗೆ ತುಂಬ ಎಮ್ಮೆಗಳಿದ್ದವು. ಬೆಳಿಗ್ಗೆ ಸಂಜೆ ಹಾಲು ಕರೆಯುವ ಕೆಲಸ ಮಗಳದು. ಹೊಲದಲ್ಲಿ ಕಾರ್ಖಾನೆ ಎದ್ದಿತು, ಎಮ್ಮೆಗಳು ಹೋದವು, ಹಿಡಿತ ಮಾತ್ರ ಅವಳ ಕೈಯಲ್ಲೇ ಉಳಿಯಿತು. ಪೊಲೀಸ್ ತರಬೇತಿಯಲ್ಲಿ ಮೊದಲ ಸಲ ಪಿಸ್ತೂಲು ಕೊಟ್ಟಾಗ ಜೊತೆಯ ಹುಡುಗಿಯರು ಕಣ್ಣು ಮುಚ್ಚಿಕೊಂಡು ಹೊಡೆದರೆ, ಇವಳು ಗುಂಡುಗಳನ್ನೆಲ್ಲ ಗುರಿಹಲಗೆಯ ಕಪ್ಪು ವೃತ್ತದೊಳಗೆ ಇಳಿಸಿದಳು.

"ಎಲ್ಲಿ ಕಲ್ತಿದ್ದಮ್ಮ?" ಅಂತ ಕಲಿಸುವವರು ಕೇಳಿದರಂತೆ.

"ಕೊಟ್ಟಿಗೇಲಿ ಸಾರ್."

ಈಗ ಅವಳಿಗೆ ಐವತ್ತು ದಾಟಿದೆ. ಮನೆ ಕೃಷ್ಣರಾಜಪುರದಲ್ಲಿ, ಕೆಲಸ ಹಲಸೂರಿನ ಕಡೆ. ನಡುವಿನ ತೂಗುಸೇತುವೆಯ ಟ್ರಾಫಿಕ್ಕಿನಲ್ಲಿ ದಿನವೂ ಬಸ್ಸಿನೊಳಗೆ ನಿಂತು ಬರುವವಳಿಗೆ ತಾಳ್ಮೆಯನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಪೊಲೀಸ್ ಕ್ರೀಡಾಕೂಟ ಬಂತೆಂದರೆ ಶೂಟಿಂಗ್ ತಂಡದಲ್ಲಿ ಅವಳ ಹೆಸರು ಇದ್ದೇ ಇರುತ್ತದೆ. ಹೆಸರಿನ ಜೊತೆಗೆ ಅವಳ ಪಿಸ್ತೂಲೂ ಇರುತ್ತದೆ.

ಅದು ಹಳೆಯದು. ಮೈಯೆಲ್ಲ ಉಕ್ಕು, ಹಿಡಿಯ ಎರಡು ಬದಿಗೆ ಮಾತ್ರ ಮರದ ಪಟ್ಟಿ. ಈಗ ಬರುವ ಪಿಸ್ತೂಲುಗಳ ಮೈ ಗಟ್ಟಿ ಪ್ಲಾಸ್ಟಿಕ್ಕಿನದು. ಅವು ಹಗುರ, ಮಳೆ ಬೆವರು ಯಾವುದಕ್ಕೂ ಜಗ್ಗುವುದಿಲ್ಲ, ಇಡೀ ದಿನ ಸೊಂಟದಲ್ಲಿದ್ದರೂ ಇದೆಯೋ ಇಲ್ಲವೋ ಅನ್ನುವ ಹಾಗಿರುತ್ತವೆ. ಉಕ್ಕಿನದು ಹಾಗಲ್ಲ, ಸಂಜೆಯ ಹೊತ್ತಿಗೆ ಸೊಂಟ ಹಿಡಿಸುತ್ತದೆ. ಎರಡು ದಿನ ಎಣ್ಣೆ ಕಾಣಿಸದಿದ್ದರೆ ತುಕ್ಕಿನ ಮುನಿಸು ತೋರಿಸುತ್ತದೆ. ಆದರೆ ಹೊಡೆಯಲು ನಿಂತಾಗ ಅದೇ ಭಾರ ಕೈಯನ್ನು ಅಲ್ಲಾಡಲು ಬಿಡುವುದಿಲ್ಲ. ಗುಂಡು ಹಾರಿದ ಮೇಲೆ ಮೂತಿ ತುಸುವೇ ಎದ್ದು ಮತ್ತೆ ತಾನಾಗಿ ಗುರಿಗೆ ಬಂದು ಕೂರುತ್ತದೆ. ಪಟಾಲಮ್ಮ ಇದನ್ನು ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಸಹೋದ್ಯೋಗಿಗಳು ನಗುತ್ತಿದ್ದರು.

ತಂಡದ ಉಸ್ತುವಾರಿಗೆ ಹೊಸದಾಗಿ ಬಂದ ಇನ್ಸ್‌ಪೆಕ್ಟರ್ ಪ್ರೇಮ್‌ಕುಮಾರ್ ಮಾತ್ರ ನಗಲಿಲ್ಲ. ಅವರು ಕೆಟ್ಟವರಲ್ಲ, ಲೆಕ್ಕಾಚಾರದ ಮನುಷ್ಯ. "ನೋಡೀಮ್ಮ, ಎಲ್ಲರ ಕೈಯಲ್ಲೂ ಹೊಸದು, ನಿಮ್ಮೊಬ್ಬರದು ಮಾತ್ರ ಹಳೇದು. ಈ ಕೂಟದಲ್ಲಿ ಅದು ಒಂದೇ ಒಂದು ಸಲ ಕೈಕೊಟ್ಟರೂ ಕೆಟ್ಟಿದೆ ಅಂತ ಬರೆದು ಕಳಿಸ್ತೀನಿ," ಎಂದರು. ಕೆಟ್ಟಿದೆ ಎಂದು ಬರೆಸಿಕೊಂಡ ಪಿಸ್ತೂಲನ್ನು ಗ್ಯಾಸ್ ಬೆಂಕಿಯಲ್ಲಿ ತುಂಡು ತುಂಡು ಮಾಡುತ್ತಾರೆ. ಅದು ಪಟಾಲಮ್ಮನಿಗೆ ಗೊತ್ತಿತ್ತು. ಆ ದಿನ ಅವಳಿಗೆ ಊಟ ಸೇರಲಿಲ್ಲ.

ಕೂಟಕ್ಕೆ ಮುಂಚೆ ಆಯುಧಪೂಜೆ ಬಂತು. ಆಯುಧಗಳ ಕೋಣೆಯನ್ನು ನೋಡಿಕೊಳ್ಳುವವನು ಶಿವಾಜಿನಗರದ ಮಂಜೂರ್. ಹಬ್ಬದ ಬೆಳಿಗ್ಗೆ ಬಂದೂಕು, ಪಿಸ್ತೂಲುಗಳನ್ನೆಲ್ಲ ಬಿಚ್ಚಿ, ಒರೆಸಿ, ಎಣ್ಣೆ ಹಚ್ಚಿ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಮಲಗಿಸುವುದು ಅವನೇ. ಪೂಜೆ ಪಟಾಲಮ್ಮನದು. ಹೂವು ತರುವುದು ಅವಳು, ಕುಂಬಳಕಾಯಿ ಒಡೆಯುವುದು ಅವಳು, ಪೂಜೆ ಮುಗಿದ ಮೇಲೆ ಮಂಜೂರನಿಗೆ ಮೊದಲ ಮುಷ್ಟಿ ಮಂಡಕ್ಕಿ ಕೊಡುವುದೂ ಅವಳೇ. ವರ್ಷಗಳಿಂದ ಹೀಗೇ ನಡೆದುಬಂದಿದೆ.

ಈ ಸಲ ಅವಳ ಭಕ್ತಿ ಉಕ್ಕಿ ಹರಿಯಿತು. ಬೇರೆ ಆಯುಧಗಳಿಗೆ ಒಂದೊಂದು ಬೊಟ್ಟು, ತನ್ನ ಪಿಸ್ತೂಲಿಗೆ ಗಂಧ, ಕುಂಕುಮ, ಸೇವಂತಿಗೆ, ಸಾಲದ್ದಕ್ಕೆ ಎರಡು ಕೈಯಿಂದಲೂ ಅಕ್ಷತೆ. ಕಾಪಾಡು ತಾಯಿ ಎಂದು ಅವಳು ಬೇಡಿಕೊಂಡದ್ದು ತನಗಾಗಿ ಅಲ್ಲ, ಆ ಪಿಸ್ತೂಲಿಗಾಗಿ.

ಮಾರನೆಯ ದಿನ ಮಂಜೂರ್ ಕೈಚಾಚಿದ. "ಅಕ್ಕಾ, ಕೊಡಿ ಇಲ್ಲಿ. ಇನ್ನೊಂದ್ ಸಲ ಬಿಚ್ಚಿ ಕ್ಲೀನ್ ಮಾಡಿಬಿಡ್ತೀನಿ. ಅಷ್ಟೊಂದು ಅಕ್ಕಿ ಸುರಿದಿದ್ದೀರಾ."

"ಬೇಡ ಮಂಜೂರ್ ಭಾಯ್. ಪೂಜೆ ಆದಮೇಲೆ ಬಿಚ್ಚೋದಾ? ಕೂರಿಸಿದ ದೇವರನ್ನ ಎಬ್ಬಿಸಿದಂಗೆ ಆಗತ್ತೆ. ಮ್ಯಾಚ್ ಮುಗೀಲಿ."

"ದೇವರು ಏನೂ ಅಂದ್ಕೊಳಲ್ಲ ಅಕ್ಕಾ."

"ನಿಂಗೇನ್ ಗೊತ್ತು ನಮ್ ದೇವರು!" ಎಂದು ಅವನ ಬಾಯಿ ಮುಚ್ಚಿಸಿ, ಮೇಲೆ ಮೇಲೆ ಬಟ್ಟೆಯಲ್ಲಿ ಒರೆಸಿ, ಬೊಟ್ಟನ್ನು ಹಾಗೇ ಉಳಿಸಿಕೊಂಡಳು. ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಕೂಟದ ದಿನ ನಿಧಾನದ ಸುತ್ತಿನಲ್ಲಿ ಅವಳದೇ ಮುನ್ನಡೆ. ಹಿಂದಿನ ಬೆಂಚಿನಲ್ಲಿ ಕೂತ ಪ್ರೇಮ್‌ಕುಮಾರ್ ಕೂಡ ಮುಂದಕ್ಕೆ ಬಾಗಿ ನೋಡುತ್ತಿದ್ದರು. ವೇಗದ ಸುತ್ತು ಶುರುವಾಯಿತು, ಸರಣಿಗೆ ಐದು ಗುಂಡು. ಕೊನೆಯ ಸರಣಿ ಒಂದು ಉಳಿದಿತ್ತು. ಮೊದಲ ಗುಂಡು ಕಪ್ಪಿನ ನಡುವೆ, ಎರಡನೆಯದು ಅದರ ಪಕ್ಕದಲ್ಲೇ. ಮೂರನೆಯದಕ್ಕೆ ಟ್ರಿಗರ್ ಎಳೆದಾಗ ಬರೀ 'ಟಕ್' ಅಂತಷ್ಟೇ ಕೇಳಿಸಿತು.

ಪಟಾಲಮ್ಮ ನಿಯಮದಂತೆ ಮೂತಿಯನ್ನು ಗುರಿಯ ಕಡೆಗೇ ಇಟ್ಟುಕೊಂಡು ಎಡಗೈ ಎತ್ತಿದಳು. ಬೇರೆ ಜಿಲ್ಲೆಯಿಂದ ಬಂದಿದ್ದ ತೀರ್ಪುಗಾರರು ಪಿಸ್ತೂಲು ತೆಗೆದುಕೊಂಡು ಸಿಡಿಯದ ಗುಂಡನ್ನು ಹೊರತೆಗೆದು ನೋಡಿದರು. ಅದರ ಬೆನ್ನಿನ ಮೇಲೆ ಪೆಟ್ಟಿನ ಗುರುತು ತೀರಾ ಹಗುರವಾಗಿ ಬಿದ್ದಿತ್ತು. "ಒಳಗಿನ ಸ್ಪ್ರಿಂಗ್ ಸೋತಿರಬೇಕಮ್ಮ, ಹಳೇ ಮಾಲು. ಪಿಸ್ತೂಲು ಕೆಟ್ಟರೆ ಈ ಸರಣಿ ಮತ್ತೆ ಹೊಡೆಯೋ ಹಕ್ಕು ನಿಮಗಿದೆ. ಬೇರೆ ಪಿಸ್ತೂಲು ತಗೊಳ್ಳಿ," ಎಂದು ಅದನ್ನು ಮೇಜಿನ ಮೇಲಿಟ್ಟರು.

ಆಗ ಅವಳ ಕಣ್ಣಿಗೆ ಬಿತ್ತು. ಗುಂಡಿಗೆ ಪೆಟ್ಟು ಕೊಡುವ ಪುಟ್ಟ ಸುತ್ತಿಗೆ ಬಂದು ಬಡಿಯುವ ಜಾಗದಲ್ಲಿ, ಸಂದಿಯೊಳಗೆ, ಹಳದಿ ಚೂರು. ಒಂದು ಅಕ್ಷತೆ ಕಾಳು. ಹಬ್ಬದಿಂದ ಒಳಗೆಲ್ಲೋ ಅವಿತಿದ್ದದ್ದು ಗುಂಡುಗಳ ಅದುರಿಕೆಗೆ ಮೇಲೆ ಬಂದು ಸುತ್ತಿಗೆಗೆ ಅಡ್ಡ ಕೂತಿತ್ತು. ತೀರ್ಪುಗಾರರು ಅದನ್ನು ನೋಡಿರಲಿಲ್ಲ.

ಬಾಯಿ ಮುಚ್ಚಿಕೊಂಡರೆ ಸರಣಿ ಮತ್ತೆ ಸಿಗುತ್ತದೆ. ಅವಳ ಕೈಗೆ ಮಂಜೂರ್ ಯಾವ ಪಿಸ್ತೂಲು ಕೊಟ್ಟರೂ ಐದೂ ಗುಂಡು ಕಪ್ಪಿಗೆ ಬಿದ್ದರೆ ಸಾಕು, ಚಿನ್ನದ ಪದಕ ಅವಳದೇ. ನಿವೃತ್ತಿಗೆ ಮುಂಚೆ ಇಂಥದು ಇನ್ನೊಂದು ಸಿಗುತ್ತದೋ ಇಲ್ಲವೋ. ಆದರೆ ಆ ಹಕ್ಕು ಸಿಗುವುದು ಪಿಸ್ತೂಲು ಕೆಟ್ಟಿದೆ ಎಂದು ಒಪ್ಪಿಕೊಂಡರೆ. ಒಪ್ಪಿಕೊಂಡ ಮೇಲೆ ಅದಕ್ಕೆ ಬೆಂಕಿಯೇ ಗತಿ. ಹಿಂದಿನ ಬೆಂಚಿನಿಂದ ಪ್ರೇಮ್‌ಕುಮಾರ್ ಎದ್ದು ಬರುತ್ತಿದ್ದರು.

"ಸಾರ್," ಎಂದಳು ಪಟಾಲಮ್ಮ ತೀರ್ಪುಗಾರರಿಗೆ. "ಸ್ಪ್ರಿಂಗ್ ಸೋತಿಲ್ಲ. ಅಲ್ಲಿ ನೋಡಿ, ಅಕ್ಷತೆ ಕಾಳು. ಪೂಜೆ ಮಾಡಿದ್ದು ನಾನು. ಬಿಚ್ಚಿ ಕ್ಲೀನ್ ಮಾಡ್ತೀನಿ ಅಂದವನನ್ನ ಬೇಡ ಅಂದಿದ್ದೂ ನಾನೇ. ತಪ್ಪು ಅದರದಲ್ಲ, ನಂದು."

ತೀರ್ಪುಗಾರರು ಬಗ್ಗಿ ನೋಡಿ, ತಲೆ ಎತ್ತಿ, ಅವಳ ಮುಖವನ್ನು ಒಂದು ಕ್ಷಣ ದಿಟ್ಟಿಸಿದರು. "ಹೊಡೆಯೋರ ಅಜಾಗ್ರತೆ ಅಂದ್ರೆ ಮತ್ತೆ ಹೊಡೆಯೋ ಹಕ್ಕಿಲ್ಲಮ್ಮ. ಉಳಿದ ಗುಂಡುಗಳಿಗೆಲ್ಲ ಸೊನ್ನೆ."

"ಗೊತ್ತು ಸಾರ್. ಹಾಕಿ."

ಸೊನ್ನೆ ಹಾಕಿದರು. ಪದಕದ ಮೂವರಲ್ಲಿ ಅವಳಿರಲಿಲ್ಲ. ಮೂರನೆಯವಳಿಗಿಂತ ಅವಳು ಹಿಂದೆ ಬಿದ್ದದ್ದು ಒಂದೇ ಗುಂಡಿನಷ್ಟು.

ವಾಪಸು ಬರುವಾಗ ವ್ಯಾನು ಮಾರತ್ತಹಳ್ಳಿಯ ಜಂಗುಳಿಯಲ್ಲಿ ಸಿಕ್ಕಿಕೊಂಡು ನಿಂತಿತು. ಮುಂದಿನ ಸೀಟಿನಿಂದ ಪ್ರೇಮ್‌ಕುಮಾರ್ ತಿರುಗಿದರು.

"ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಯಾಕೆ ಹೇಳಿದ್ರಿ?"

"ಪದಕಾನ ಮನೇಲಿ ಗೋಡೆಗೆ ತಗ್ಲಾಕಬೇಕಲ್ಲ ಸಾರ್. ತಪ್ಪು ಮಾಡದೆ ಇರೋದನ್ನ ಕೊಯ್ಸಿ ಬಂದು ಅದರ ಕೆಳಗೆ ಕೂತು ನಾನು ಹೆಂಗೆ ಉಣ್ಣಲಿ?"

ಪ್ರೇಮ್‌ಕುಮಾರ್ ಹಿಂದೆ ಕೂತಿದ್ದ ಮಂಜೂರನಿಗೆ ಹೇಳಿದರು: "ಅದನ್ನ ಚೆನ್ನಾಗಿ ಬಿಚ್ಚಿ ಎಣ್ಣೆ ಹಾಕಿಡಿ. ಎಲ್ಲೂ ಕಳಿಸಲ್ಲ. ಇವರು ರಿಟೈರ್ ಆಗೋವರೆಗೂ ಇವರ ಹೆಸರಲ್ಲೇ ಇರಲಿ."

ಪದಕ ಕೈತಪ್ಪಿದಾಗ ಪಟಾಲಮ್ಮನ ಕಣ್ಣಲ್ಲಿ ನೀರು ಬಂದಿರಲಿಲ್ಲ. ಈಗ ಅವಳು ಸೆರಗಿಲ್ಲದ ಖಾಕಿಯ ತೋಳಿಗೆ ಮುಖ ಒತ್ತಿಕೊಂಡು, ಎದುರು ಮೇಲಧಿಕಾರಿ ಕೂತಿದ್ದಾರೆ ಎಂಬುದನ್ನೂ ಮರೆತು, ಗಟ್ಟಿಯಾಗಿ ಅತ್ತುಬಿಟ್ಟಳು.